ನಾಗಮ್ಮನ ಪಾವು, ಡೋರಿಸಮ್ಮನ ಹಾಟ್‌ಡಾಗು

ಕಾಚಿಗೂಡ

"ಕಸ್ತೂರಿ, ಅಮೇರಿಕಾದಾಗ ಏನೇನ್ ನೋಡಿ ಬಂದಿ?" ಅಂತ ಕಾಚಿಗೂಡದ ನಮ್ಮ ಓಣಿ ಮಂದಿ ಇನ್ನೂ ಕೇಳ್ತಾರ. ಮುಗಿಲಿಗೆ ತಾಗೋ ಕಟ್ಟಡ ನೋಡ್ಲಿಲ್ಲ. ದೀಪ ಎತ್ತಿ ನಿಂತ ಆ ದೊಡ್ಡ ಮೂರ್ತೀನೂ ನೋಡ್ಲಿಲ್ಲ. ನಾ ನೋಡಿದ್ದು ಒಂದು ಚೆಂಡಿನ ಆಟದ ಮೈದಾನ, ಮಾಂಸಕ್ಕ ಹೊಗಿ ಕೊಡೋ ಒಂದು ಹೊಗಿಮನಿ. ಮಾಡಿದ್ದು ಏನಂದ್ರ, ಗುರ್ತಿಲ್ಲದ ಮುದುಕಿ ಒಬ್ಬಾಕಿ ಹಾಟ್‌ಡಾಗ್ ಆಕಿ ಕಣ್ಮುಂದನ ತಿಂದು ಬಂದೆ. ನಗಬ್ಯಾಡ್ರಿ. ಪೂರಾ ಕೇಳಿ ಆಮ್ಯಾಲೆ ನಗ್ರಿ.

ಮೊದ್ಲು ನಮ್ಮದು ಹೇಳ್ತೀನಿ, ಇಲ್ಲಂದ್ರ ತಿಳಿಯಂಗಿಲ್ಲ. ನಾವು ಮಾನ್ವಿ ಕಡೆಯವರು. ಹೈದರಾಬಾದಿಗೆ ಬಂದಿದ್ದು ಗೌಂಡಿ ಕೆಲಸಕ್ಕ. ನಮ್ಮ ಮಾವ, ನಮ್ಮ ಮನಿಯವ್ರು, ನಾನು, ಮೂವರೂ ಈ ಊರಾಗ ಎಷ್ಟೋ ಕಟ್ಟಡಕ್ಕ ಬುಟ್ಟಿ ಹೊತ್ತೀವಿ. ದೊಡ್ಡ ಕ್ರಿಕೆಟ್ ಮೈದಾನ ಏಳೋ ಮುಂದ ಪೂರ್ವದ ಗ್ಯಾಲರಿ ಮೆಟ್ಟಿಲಿಗೆ ಕಾಂಕ್ರೀಟ್ ಹೊತ್ತು ಹಾಕಿದ್ದು ನಮ್ಮ ಮಂದಿನ. ಇವತ್ತಿಗೂ ಟಿವಿಯೊಳಗ ಮ್ಯಾಚ್ ಬಂದು ಕ್ಯಾಮರಾ ಆ ಕಡೆ ತಿರುಗಿದ್ರ, ನಾ ಆಟ ನೋಡಂಗಿಲ್ಲ, ಮೆಟ್ಟಿಲು ನೋಡ್ತೀನಿ.

ನಮ್ಮ ಅತ್ತಿ ನಾಗಮ್ಮ ಅಲ್ಲೇ ಕೂಲಿ ಮಂದಿಗೆ ತಿನ್ನಾಕ ಮಾಡ್ತಿದ್ಲು. ಕುರಿ ಖೀಮಾ ಕತ್ತಿಲೆ ಸಣ್ಣಗ ಕೊಚ್ಚಿ, ಪುಂಡಿ ಪಲ್ಲೆ ಹಾಕಿ, ಬಳ್ಳೊಳ್ಳಿ, ಹಸಿ ಮೆಣಸಿನಕಾಯಿ ಕುಟ್ಟಿ ಕಲಸಿ, ಅಂಗೈಯಾಗ ಬೆರಳುದ್ದ ಹೊಸದು, ತವಾದ ಮ್ಯಾಲೆ ಕೆಂಪಗ ಸುಟ್ಟು ಪಾವಿನ ನಡುವ ಇಟ್ಟು ಕೊಡ್ತಿದ್ಲು. ಪುಂಡಿ ಪಲ್ಲೆ ಅಂದ್ರ ಇಲ್ಲಿ ತೆಲುಗು ಮಂದಿ ಗೋಂಗೂರ ಅಂತಾರಲ್ಲ, ಅದ. ಅದರ ಹುಳಿಗೆ ಖೀಮಾ ಬಾಯಾಗ ಜಿಡ್ಡು ಅನಸಂಗಿಲ್ಲ. ಮೈದಾನ ಮುಗೀತು, ಕೂಲಿ ಮಂದಿ ಬ್ಯಾರೆ ಕಡೆ ಹೋದ್ರು, ಮ್ಯಾಚ್ ನೋಡೋ ಮಂದಿ ಬಂದ್ರು. ಅತ್ತಿ ಗೇಟಿನ ಹೊರಗ ಬಂಡಿ ಹಚ್ಚಿದ್ಲು. ಹಳದಿ ಕಾಗದದ ಮ್ಯಾಲೆ ತೆಲುಗು, ಕನ್ನಡ ಎರಡರಾಗೂ "ನಾಗಮ್ಮ ಪಾವು" ಅಂತ ಅಚ್ಚು ಹಾಕಿಸಿದ್ವಿ. ಅತ್ತಿಗೆ ಓದಾಕ ಬರಂಗಿಲ್ಲ. ಆದ್ರ ಪಾವು ಸುತ್ತೋ ಮುಂದ ತನ್ನ ಹೆಸರು ಮ್ಯಾಲ ಬರಬೇಕು ಅಂತ ಗೊತ್ತು. ಉಲ್ಟಾ ಸುತ್ತಿದ್ರ ಬಿಚ್ಚಿಸಿ ಮತ್ತ ಸುತ್ತಸ್ತಿದ್ಲು.

ಮೊಣಕಾಲು ಕೈ ಕೊಟ್ಟ ಮ್ಯಾಲೆ ಆಕಿ ಕತ್ತಿ ನನ್ನ ಕೈಗೆ ಕೊಟ್ಲು. ರುಚಿ ನೋಡೋದು ಮಾತ್ರ ಯಾರಿಗೂ ಬಿಟ್ಟು ಕೊಡ್ಲಿಲ್ಲ. ಮೊದ್ಲನೇ ಪಾವು ಆಕಿ ಮುರದು, ಜಗದು, "ಹೂಂ" ಅಂತ ತಲಿ ಅಲ್ಲಾಡಿಸಿದ್ರನ ಬಂಡಿ ಮನಿ ಬಿಡ್ತಿತ್ತು. ಇಷ್ಟು ವರ್ಷ ಗೇಟಿನ ಹೊರಗ ನಿಂತಾಕಿ, ಒಂದ ಒಂದು ಮ್ಯಾಚಿಗೂ ಆಕಿ ಒಳಗ ಹೋಗಿ ಕುಂತಿದ್ದಿಲ್ಲ.

ಹಿಂಗಿರಬೇಕಾದ್ರ ಮೈದಾನದ ಒಳಗಿನ ತಿಂಡಿ ಗುತ್ತಿಗಿ ಹೊಸಬ್ರಿಗೆ ಹೋತು. ಗುತ್ತೇದಾರ ಸಾಬ್ರು ತಾವ ಬಂಡಿ ಹತ್ರ ಬಂದ್ರು. "ಎಲ್ಲಾ ಗ್ಯಾಲರಿಗೂ ನಿಮ್ಮ ಪಾವು ತಗೋತೀನಮ್ಮಾ. ಆದ್ರ ಈ ಹಳದಿ ಕಾಗದ ಬ್ಯಾಡ. ನಮ್ಮ ಕಾಗದದಾಗ, ನಮ್ಮ ಹೆಸರಿಲೆ ಸುತ್ತಿ ಕೊಡ್ರಿ" ಅಂದ್ರು. ನಮ್ಮ ಮನಿಯವ್ರಿಗೆ ಕುಂತಲ್ಲಿ ಕುಂದ್ರಾಕ ಆಗ್ಲಿಲ್ಲ, ಅಷ್ಟು ಖುಷಿ. ಬಿಸಲು, ಮಳಿ ಅನ್ನಲಾರ್ದ ಬಂಡಿ ದೂಡಿ ದೂಡಿ ಅವರಿಗೂ ಸಾಕಾಗಿತ್ತು, ತಪ್ಪಲ್ಲ. ನಾ ಮಾತ್ರ ಹಳದಿ ಕಾಗದದ ಕಟ್ಟು ಎತ್ತಿ ಮಡಿಲಾಗ ಇಟ್ಕೊಂಡೆ. ಅತ್ತಿ ಒಂದ ಮಾತು ಅಂದ್ಲು: "ಕತ್ತಿ ನಿನ್ನ ಕೈಯಾಗ ಐತಿ, ಮಾತೂ ನಿಂದ." ಅಂದು ಗೋಡಿ ಕಡೆ ಹೊಳ್ಳಿ ಮಲಗಿದ್ಲು.

ಅದೇ ವಾರ ನನ್ನ ತಂಗಿ ವಿಜಿ ಫೋನ್ ಮಾಡಿದ್ಲು. ಆಕಿ ಅಮೇರಿಕಾದ ಓಹಿಯೋ ಅನ್ನೋ ರಾಜ್ಯದಾಗ ನರ್ಸು. ನಮ್ಮ ಮನ್ಯಾಗ ಇದ್ದು, ಅತ್ತಿ ಕೈ ಪಾವು ತಿಂದು ನರ್ಸಿಂಗ್ ಓದಿದಾಕಿ. "ಅಕ್ಕಾ, ಕಾಲು ಮುರಕೊಂಡೀನಿ, ಒಬ್ಬಾಕಿನ ಇದ್ದೀನಿ, ಬಾ" ಅಂತ ಅತ್ತಳು. ಗುತ್ತೇದಾರ ಸಾಬ್ರಿಗೆ ವಾಪಸ್ ಬಂದು ಮಾತು ಕೊಡ್ತೀನಿ ಅಂತ ಹೇಳಿ ಇಮಾನ ಹತ್ತಿದೆ.

ವಿಜಿ ಮನಿ

ಚೀಲದಾಗ ಒಣಗಿಸಿದ ಪುಂಡಿ ಸೊಪ್ಪು ಇಟ್ಕೊಂಡಿದ್ದೆ. ಅಲ್ಲಿ ಇಳದ ಕೂಡ್ಲೆ ಒಬ್ಬ ಸಾಹೇಬ ಚೀಲ ಬಿಚ್ಚಿಸಿ, ಪಾಕೀಟು ಎತ್ತಿ, ಬೆಳಕಿಗೆ ಹಿಡದು, ಮೂಸಿ ನೋಡಿದ. ನಾ ಗಾಬರ್ಯಾಗಿ ಕೈ ಬಾಯಿಗೆ ತೋರಿಸಿ "ಊಟ, ಊಟ" ಅಂದೆ. ಅವನು ಇನ್ನೊಬ್ಬನ್ನ ಕರದ, ಅವನೂ ಮೂಸಿದ. ಇಬ್ಬರೂ ಏನೋ ಮಾತಾಡ್ಕೊಂಡು ಬಿಟ್ಟು ಕಳಿಸಿದ್ರು.

ವಿಜಿ ಇರೋದು ಸಣ್ಣ ಊರು. ಅಲ್ಲಿ ಬೀದಿ ನೋಡಿ ನನಗ ಮೊದ್ಲನೇ ದಿನ ಅನಸಿದ್ದು, ಇಲ್ಲಿ ಏನರೆ ಬಂದ್ ಐತೇನು ಅಂತ. ಒಂದು ಆಟೋ ಇಲ್ಲ, ಹಾರ್ನ್ ಇಲ್ಲ, ಬಾಗಲದಾಗ ಕುಂತು ಹರಟಿ ಹೊಡಿಯೋರು ಇಲ್ಲ. ಆದ್ರ ಮಂದಿ ಕಟುಕರಲ್ರಿ. ವಿಜಿ ಕಾಲಿಗೆ ಪಟ್ಟಿ ಹಾಕ್ಯಾರ ಅಂತ ಗೊತ್ತಾಗಿ ಓಣಿ ಹೆಂಗಸರು ಒಬ್ಬೊಬ್ಬರ ಬಂದು ಬೆಣ್ಣಿ ಹಾಕಿ ಬೇಯಿಸಿದ ಆಲೂಗಡ್ಡಿ ಇಟ್ಟು ಹೋಗ್ತಿದ್ರು. ಎಲ್ಲಾರದೂ ಆಲೂಗಡ್ಡಿನ! ಖಾರ ಅನ್ನೋದು ಹನಿ ಇಲ್ಲ. ನಾನು ಅದರ ಮ್ಯಾಲೆ ನಮ್ಮ ಖಾರಪುಡಿ ಉದುರಿಸಿ ತಿಂದೆ, ವಿಜಿ ತಾಟು ಬಳದು ತಿಂದ್ಲು.

ಇನ್ನೊಂದು, ಆ ಊರಿಗೆ ಒಂದು ವಾಸನಿ ಐತಿ. ಮುಂಜಾನೆ ಕಿಟಕಿ ತಗದ್ರ ಕಟಗಿ ಹೊಗಿ, ಮಾಂಸ, ಬಳ್ಳೊಳ್ಳಿ. ನಂದು ಅದ ಕೆಲಸ, ನನ್ನ ಮೂಗು ಸುಮ್ನ ಇರತೈತೇನು? "ಯಾರು ಸುಡಾಕತ್ತಾರ?" ಅಂತ ಕೇಳಿದೆ. "ಡಿಟರ್ಲಿ ಅಂತ ಮಾಂಸದ ಕಂಪನಿ ಅಕ್ಕಾ. ಬ್ರೆಡ್ಡಿನ ನಡುವ ಮಾಂಸದ ಸುರುಳಿ ಇಡ್ತಾರಲ್ಲ, ಈ ಊರಿನ ಆ ಹಾಟ್‌ಡಾಗು ಅವರದ. ಮೈದಾನದಾಗ ಅವರದ ಬೇಕು ಮಂದಿಗೆ. ಕಾಲು ಸ್ವಲ್ಪ ಸುಧಾರಿಸಲಿ, ನಿನ್ನ ಕರ್ಕೊಂಡು ಹೋಗ್ತೀನಿ" ಅಂದ್ಲು.

ಈ ಕಡೆಯಿಂದ ನಮ್ಮ ಮನಿಯವ್ರ ಫೋನು. ಸಾಬ್ರು ಮತ್ತ ಕೇಳಾಕತ್ತಾರ, ಹೂಂ ಅನ್ನಲೇನು? ಅತ್ತಿ ಏನಂತಾಳ ಅಂದ್ರ, "ಏನೂ ಅನ್ನಂಗಿಲ್ಲ, ಬರೇ ಹಳದಿ ಕಾಗದ ಮಡಚಿ ಮಡಚಿ ಇಡಾಕತ್ತಾಳ" ಅಂದ್ರು.

ಚೆಂಡಿನ ಮೈದಾನ

ವಿಜಿ ಊರುಗೋಲು ಹಿಡದು, ನಾನು ಇಳಕಲ್ ಸೀರಿ ಮ್ಯಾಲೆ ಆಕಿ ದಪ್ಪ ಜಾಕೆಟ್ ಹಾಕ್ಕೊಂಡು, ಕಾಲಿಗೆ ಆಕಿದ ಬೂಟು ಮೆಟ್ಟಿ ಮೈದಾನಕ್ಕ ಹೋದ್ವಿ. ನಮ್ಮ ಮೈದಾನಕ್ಕಿಂತ ಭಾಳ ಸಣ್ಣದು. ಮೆಟ್ಟಿಲು ನೋಡಿದೆ, ಅಂಚು ಚಲೋ ತಿದ್ದ್ಯಾರ, ನಮ್ಮಷ್ಟು ನುಣುಪಿಲ್ಲ. ಇದನ್ನ ವಿಜಿಗೆ ಹೇಳಿದ್ರ, "ಅಕ್ಕಾ, ಇಲ್ಲೂ ಗೌಂಡಿ ಕೆಲಸ ನೋಡಬ್ಯಾಡ, ಆಟ ನೋಡು" ಅಂದ್ಲು.

ಬೇಸ್‌ಬಾಲ್ ಅಂತಾರ ಅದಕ್ಕ, ಆಟ ಏನ್ ನೋಡ್ಲಿ? ಒಬ್ಬ ಒನಕಿಯಂಥ ಬ್ಯಾಟ್ ಹಿಡದು ನಿಂದರ್ತಾನ. ಇನ್ನೊಬ್ಬ ಚೆಂಡು ಒಗಿತಾನ. ಭಾಳ ಹೊತ್ತು ಏನೂ ಆಗಂಗಿಲ್ಲ. ಒಮ್ಮೆಲೆ ಎಲ್ಲಾರೂ ಎದ್ದು ಹೋ ಅಂತಾರ. ನಾನೂ ಎದ್ದು ಹೋ ಅಂದೆ. ಯಾರು ಗೆದ್ರು ಅಂತ ವಿಜಿಗೆ ಕೇಳಿದ್ರ ಇನ್ನೂ ಆಟ ಪೂರಾ ಸುರುನ ಆಗಿಲ್ಲ ಅಂದ್ಲು. ನಮ್ಮಲ್ಲಿ ಮ್ಯಾಚ್ ಅಂದ್ರ ಪೀಪಿ, ಡೋಲು, ಮುಖಕ್ಕ ಬಣ್ಣ. ಇಲ್ಲಿ ಅಜ್ಜಂದ್ರು ಕೂಸಿನ್ನ ತೊಡಿ ಮ್ಯಾಲೆ ಮಲಗಿಸಿಕೊಂಡು ಕುಂತಾರ.

ಅಷ್ಟೊತ್ತಿಗೆ ಮೆಟ್ಟಿಲ ಮ್ಯಾಲೆ ಒಬ್ಬಾವ ಕೊರಳಿಗೆ ಪೆಟ್ಟಿಗಿ ಹಾಕ್ಕೊಂಡು ಕೂಗ್ತಾ ಬಂದ. "ಡಿಟರ್ಲೀ... ಡಿಟರ್ಲೀ..." ಆ ಕೂಗು ಕೇಳಿ ನನಗ ನಮ್ಮ ಬಂಡಿ ನೆನಪಾತು. ನಮ್ಮ ಸಾಲಿನಾಗ ಆ ತುದಿಯಿಂದ ಯಾರೋ ರೊಕ್ಕ ಕೊಟ್ರು, ಅದು ಕೈಯಿಂದ ಕೈಗೆ ದಾಟಿ ನನ್ನ ಕೈಗೂ ಬಂತು. ನಾ ಏನ್ ತಿಳಕೊಂಡೆ ಹೇಳ್ರಿ? ಯಾವುದೋ ಗುಡಿ ಪಟ್ಟಿ ಎತ್ತಾಕತ್ತಾರ ಅಂತ ತಿಳಕೊಂಡು ಭಕ್ತಿಯಿಂದ ಮುಂದ ದಾಟಿಸಿದೆ.

ಸ್ವಲ್ಪ ಹೊತ್ತಿನಾಗ ಪೆಟ್ಟಿಗಿಯವನ ಕಡೆಯಿಂದ ಬಿಸಿ ಬಿಸಿ ಹಾಟ್‌ಡಾಗ್ ಬಂತು. ನನ್ನ ಬಾಜೂಕ ಕುಂತಾವ ನಕ್ಕೊಂತ ನನ್ನ ಕೈಯಾಗ ಇಟ್ಟ. ವಿಜಿ ಬಗ್ಗಿ ತನ್ನ ಕಾಲು ಸರಿ ಮಾಡ್ಕೊಳ್ಳಾಕತ್ತಿದ್ಲು. ನಾನು ನೋಡಿದೆ, ಎಷ್ಟು ದೊಡ್ಡ ಮನಸ್ಸಿನ ಮಂದಿ, ಪರದೇಶದಿಂದ ಬಂದಾಕಿ ಅಂತ ನನಗ ತಿನ್ನಾಕ ಕೊಡಾಕತ್ತಾರ! ರೊಕ್ಕ ದಾಟಿಸಿದಾಕಿ ಇದನ್ನ್ಯಾಕ ದಾಟಿಸ್ಲಿಲ್ಲ ಅಂತ ನೀವು ಕೇಳಬಹುದು. ನಮ್ಮ ಕಡೆ ಪಂಕ್ತಿಯಾಗ ಕುಂತಾಗ ಕೈಗೆ ಇಟ್ಟ ಅನ್ನ ಇನ್ನೊಬ್ಬರ ಕಡೆ ದೂಡಿದ್ರ ಅನ್ನಕ್ಕೂ ಅಪಮಾನ, ಕೊಟ್ಟವ್ರಿಗೂ ಅಪಮಾನ. ನಾನು ಎರಡೂ ಕೈಲೆ ಹಿಡದು, ಕಣ್ಣಿಗೆ ಒತ್ತಿಕೊಂಡು, ದೊಡ್ಡದೊಂದು ತುತ್ತು ಕಚ್ಚಿದೆ.

ಸಾಲಿಗೆ ಸಾಲು ನನ್ನ ಕಡೆ ಹೊಳ್ಳಿತು. ಆ ತುದಿಯಾಗ ಬಿಳಿ ಕೂದಲಿನ ಮುದುಕಿ ಒಬ್ಬಾಕಿ ಕೈ ಚಾಚಿದವಳು ಹಂಗ ಕುಂತಿದ್ಲು. ವಿಜಿ ತಲಿ ಎತ್ತಿ ನೋಡಿ, "ಅಯ್ಯ ಅಕ್ಕಾ! ಅದು ಆ ಅಮ್ಮಂದು! ದಾಟಿಸಾಕ ಕೊಟ್ಟಿದ್ದು!" ಅಂದ್ಲು. ಅಂದಾಕಿ ದನಿ ಇಳಿಸಿ, "ಮತ್ತ ಅದು ಹಂದೀದು" ಅಂದ್ಲು.

ನಮ್ಮ ಮನ್ಯಾಗ ಹಂದಿ ಮಾಂಸ ಹೊಸ್ತಿಲು ದಾಟಿದ್ದಿಲ್ಲ. ಬಾಯಾಗ ತುತ್ತು. ಉಗುಳಿದ್ರ ಅಷ್ಟು ಮಂದಿ ಮುಂದ ಏನ್ ಮರ್ಯಾದಿ? ನುಂಗಿದೆ ನೋಡ್ರಿ. ನುಂಗೋ ಮುಂದ ನಾಲಗಿ ತನ್ನ ಕೆಲಸ ಮಾಡೇಬಿಡ್ತು: ಹೊಗಿ ಚಲೋ ಹಿಡದೈತಿ, ಜಾಜಿಕಾಯಿ ಐತಿ, ಬಳ್ಳೊಳ್ಳಿ ಐತಿ, ಉಪ್ಪು ಸರಿ. ಯಾರೋ ಮುತುವರ್ಜಿಲೆ ಮಾಡ್ಯಾರ ಅಂತ ಒಪ್ಪಿಕೊಂಡೆ. ನಾಚಿಕಿಲೆ ಮಾರಿ ಕೆಂಪಗಾಗಿತ್ತು, ಉಳಿದಿದ್ದನ್ನ ಮುಂದ ದಾಟಿಸ್ಲೋ, ಬ್ಯಾಡೋ ಅಂತ ಹಿಡದು ಕುಂತೆ.

ಆಗ ಮುದುಕಿ ನಗಾಕ ಹತ್ತಿದ್ಲು. ಹೊಟ್ಟಿ ಹಿಡಕೊಂಡು ನಕ್ಕಳು. ಇಡೀ ಸಾಲು ನಕ್ಕಿತು. ಒಬ್ಬಾವ ವಿಜಿಗೆ ಏನೋ ಹೇಳಿದ. ವಿಜಿ ಹೇಳಿದ್ಲು: "ಈ ಅಮ್ಮ ಡೋರಿಸ್ ಅಂತ. ಜೀವಮಾನ ಎಲ್ಲಾ ಡಿಟರ್ಲಿ ಕಾರ್ಖಾನ್ಯಾಗ ದುಡದಾಳಂತ. ಪ್ರತಿ ಆಟಕ್ಕೂ ಪೆಟ್ಟಿಗಿಯೊಳಗಿನ ಮೊದ್ಲನೇ ಹಾಟ್‌ಡಾಗ್ ಆಕಿ ತಿಂದು ಸರಿ ಅಂದ ಮ್ಯಾಲೆನ ಈ ಸಾಲಿನವರು ತಿನ್ನೋದಂತ. ಇವತ್ತು ನೀ ತಿಂದಿ. ಹೆಂಗೈತಿ ಅಂತ ಕೇಳಾಕತ್ತಾರ."

ಮೊದ್ಲನೇದು! ನನಗ ಮೈ ಜುಮ್ ಅಂತು. ಸೀದಾ ಕುಂತು, ನಮ್ಮತ್ತಿಯಂಗ ಎರಡು ಸಲ ಜಗದು, "ಹೂಂ" ಅಂತ ತಲಿ ಅಲ್ಲಾಡಿಸಿದೆ. ಚಪ್ಪಾಳಿ ಬಿತ್ರಿ!

ಅದ ಸಾಲು

ಡೋರಿಸಮ್ಮ ಎದ್ದು ಬಂದು ನನ್ನ ಬಾಜೂಕ ಕುಂತ್ಲು. ನಾನೂ ಇದ ಕೆಲಸದಾಕಿ, ನಮ್ಮದೂ ಮೈದಾನದ ಮುಂದ ಬಂಡಿ ಐತಿ ಅಂತ ವಿಜಿ ಹೇಳಿದ ಮ್ಯಾಲೆ ಆಕಿ ನನ್ನ ಅಂಗೈ ಎಳದು ನೋಡಿದ್ಲು. ಕತ್ತಿ ಹಿಡಿಯೋ ಕಡೆ ಗಟ್ಟಿಯಾದ ಚರ್ಮ ಮುಟ್ಟಿ, ತನ್ನ ಅಂಗೈ ತೋರಿಸಿದ್ಲು. ಆಟ ಒಂದು ಕಡೆ ನಡೀತು, ನಮ್ಮ ಮಾತು ಒಂದು ಕಡೆ. ನಡುವ ವಿಜಿ ಅತ್ಲಾಗ ಇತ್ಲಾಗ ಮಾತು ದಾಟಿಸಿ ದಾಟಿಸಿ ಬೇಸತ್ತು ಹೋದ್ಲು.

ಡೋರಿಸಮ್ಮ ಹೇಳಿದ ಕಥಿ ಹಿಂಗೈತಿ. ಭಾಳ ಹಿಂದ ಜರ್ಮನಿ ಕಡೆಯಿಂದ ಡಿಟರ್ಲಿ ಅಂತ ಗಂಡ ಹೆಂಡ್ತಿ ಈ ಊರಿಗೆ ಬಂದು, ರೈಲ್ವೆ ಹಳಿ ಬಾಜೂಕ ಮನಿ ಮಾಡಿ, ಹಿತ್ತಲದಾಗ ಮಾಂಸಕ್ಕ ಹೊಗಿ ಕೊಡ್ತಿದ್ರಂತ. ಬಾಜೂಕ ಬಯಲು. ಅಲ್ಲೆ ಹುಡುಗ್ರು ಚೆಂಡು ಆಡೋರು. ಹೊಗಿ ವಾಸನಿಗೆ ಆಡೋ ಹುಡುಗ್ರು ಬೇಲಿ ಹತ್ರ ಬಂದು ನಿಂದರ್ತಿದ್ರಂತ. ಆ ಹೆಣ್ಣುಮಗಳು ಬೇಲಿ ಸಂದಿಯೊಳಗಿಂದ ಬ್ರೆಡ್ಡಿನಾಗ ಇಟ್ಟು ಕೊಡಾಕ ಸುರು ಮಾಡಿದ್ಲು. ಬಯಲು ಮೈದಾನ ಆತು, ಕಟಗಿ ಗ್ಯಾಲರಿ ಬಂತು, ಹಿತ್ತಲ ಹೊಗಿಮನಿ ಕಾರ್ಖಾನಿ ಆತು. ಲಡಾಯಿ ನಡದು ಮಾಂಸ ಸಿಗದಾಗ ಬ್ಯಾರೆ ಏನೇನೋ ಬೆರಸಿ ಮಾರ್ರಿ ಅಂತ ಹೇಳಿದವ್ರಿಗೆ ಆ ಹೆಣ್ಣುಮಗಳು, "ಕಾಗದದ ಮ್ಯಾಲೆ ನಮ್ಮ ಹೆಸರು ಐತಿ" ಅಂತ ಹೇಳಿ ಹಲಗಿ ಹಾಕಿಬಿಟ್ಲಂತ, ಇವತ್ತು ಇಲ್ಲ ಅಂತ. ಡೋರಿಸಮ್ಮನ ತಾಯಿ ಅದ ಕಾರ್ಖಾನ್ಯಾಗ ಕರುಳಿಗೆ ಮಾಂಸ ತುಂಬಿ ತಿರುವೋ ಕೆಲಸ ಮಾಡ್ತಿದ್ಲು. ತಾಯಿ ನಿಂತ ಮೇಜಿನ ಮುಂದ ಮಗಳು ನಿಂತ್ಲು.

ಇಲ್ಲಿ ತನಕ ಡೋರಿಸಮ್ಮ ಎದಿ ಉಬ್ಬಿಸಿ ಹೇಳಿದ್ಲು. ಆಮ್ಯಾಲೆ ಮೈದಾನದ ಕಡೆ ಮಾರಿ ತಿರುಗಿಸಿದ್ಲು.

"ಹೊಸ ಮೈದಾನ ಕಟ್ಟಿದಾಗ ಗುತ್ತೇದಾರ ಬಂದ. ಮಾಲು ನಿಮ್ಮದು, ಕಾಗದ ನಮ್ಮದು ಅಂದ. ನಮ್ಮ ಮಾಲೀಕರು ಹೂಂ ಅಂದ್ರು."

ನಾನು ವಿಜಿ ಕೈ ಗಟ್ಟಿ ಹಿಡದೆ. "ಮುಂದ? ಕೇಳು, ಮುಂದ ಏನಾತು ಕೇಳು."

"ಮೊದ್ಲು ಏನೂ ಆಗ್ಲಿಲ್ಲ. ಮಾಲು ಅದ, ರುಚಿ ಅದ. ಆಮ್ಯಾಲೆ ಒಂದಿನ ಅವಸರ ಇತ್ತು, ಹೊಗಿ ಸ್ವಲ್ಪ ಕಮ್ಮಿ ಕೊಟ್ವಿ. ಯಾರೂ ಏನೂ ಅನ್ನಲಿಲ್ಲ. ಇನ್ನೊಂದಿನ ಬಳ್ಳೊಳ್ಳಿ ಹಳೇದಿತ್ತು, ಇರ್ಲಿ ಅಂದ್ವಿ. ಗುತ್ತೇದಾರ ಕೆಡಿಸಿದ ಅಂತ ಊರು ಬೈತು. ಅವನಲ್ಲ. ನಾವ ಕೆಡಿಸಿದ್ವಿ. ನಮ್ಮ ಹೆಸರಿಲ್ಲ ಅಂದ ಮ್ಯಾಲೆ ನಾಚಿಕಿ ಯಾರಿಗೆ?"

ಒಂದು ಆಟದ ದಿನ ಡೋರಿಸಮ್ಮ ನೋಡ್ತಾಳ, ತಾನ ತಿರುವಿದ ಹಾಟ್‌ಡಾಗ್, ಯಾರೋ ಒಂದ ತುತ್ತು ಕಚ್ಚಿ ಕುರ್ಚಿ ಕೆಳಗ ಒಗದಾರ. ಆಕಿ ಅದನ್ನ ಎತ್ತಿ, ಕರವಸ್ತ್ರದಾಗ ಸುತ್ಕೊಂಡು ಹೋಗಿ, ಆಗ ಕಾರ್ಖಾನಿ ನಡಸ್ತಿದ್ದ ಮಾಲೀಕರ ಮೊಮ್ಮಗಳ ಮೇಜಿನ ಮ್ಯಾಲೆ ಇಟ್ಲಂತ. ಆ ಮೊಮ್ಮಗಳು ಗುತ್ತೇದಾರಗ ಹೇಳಿದ್ಲು, ಹೆಸರು ಹಾಕಿದ್ರ ಮಾಲು, ಇಲ್ಲಂದ್ರ ಇಲ್ಲ. ಅವನು ಇಲ್ಲ ಅಂದ. ಇವರು ಗೇಟಿನ ಹೊರಗ ಡೇರೆ ಹೊಡದು ಕುಂತ್ರು. ಊರ ಮಂದಿ ಹೊರಗ ಹೊಟ್ಟಿ ತುಂಬಾ ತಿಂದು ಒಳಗ ಬರೀ ಕೈಲೆ ಹೋಗಾಕ ಸುರು ಮಾಡಿದ್ರು. ಕಡೀಕ ಗುತ್ತೇದಾರ ತಾನ ಬಂದು ಕರದ.

"ಅವತ್ತಿನಿಂದ ಮೊದ್ಲನೇದು ನಾ ತಿನ್ನೋದು" ಅಂದ್ಲು ಡೋರಿಸಮ್ಮ. "ಕೆಲಸ ಬಿಟ್ಟೀನಿ, ನಾಲಗಿ ಬಿಟ್ಟಿಲ್ಲ."

ನನಗ ಕಣ್ಣು ತುಂಬಿ ಬಂತು. ಸಾವಿರಾರು ಮೈಲಿ ಇಮಾನದಾಗ ಬಂದು, ಭಾಷೆ ತಿಳಿಯದ ಊರಾಗ, ನಮ್ಮ ಮನಿ ಮಾತ ಕೇಳಾಕತ್ತಿದ್ದೆ. ಆಟ ಯಾರು ಗೆದ್ರೋ ಇವತ್ತಿಗೂ ನನಗ ಗೊತ್ತಿಲ್ಲ.

ಹೊಗಿಮನಿ

ಎರಡು ದಿನ ಬಿಟ್ಟು ಡೋರಿಸಮ್ಮ ತನ್ನ ಕಾರಿನಾಗ ನಮ್ಮನ್ನ ಕಾರ್ಖಾನಿಗೆ ಕರ್ಕೊಂಡು ಹೋದ್ಲು. ತಲಿಗೆ ಬಲಿ ಟೋಪಿ ಹಾಕಿಸಿದ್ರು, ಸೀರಿ ನೆರಿಗಿ ಎತ್ತಿ ಕಟ್ಟಿಸಿದ್ರು. ಹೊಗಿಮನಿ ಬಾಗಲು ತಗದಾಗ ಒಳಗ ಸಾಲು ಸಾಲು ತೂಗು ಹಾಕಿದ್ರು. ಕಟಗಿ ಯಾವುದು ಅಂತ ಕೇಳಿದೆ, ಹೆಸರು ಹೇಳಿದ್ರು, ತಿಳೀಲಿಲ್ಲ. ಗೋಡಿ ಮುಟ್ಟಿ ನೋಡಿದೆ, ಹೊಗಿ ತಿಂದು ತಿಂದು ಕರ್ರಗ, ನುಣ್ಣಗ ಆಗಿತ್ತು. ನಮ್ಮತ್ತಿ ತವಾ ನೆನಪಾತು.

ವಾಪಸ್ ಬರೋ ಮುಂದ ನಾ ಡೋರಿಸಮ್ಮನ್ನ ಬಿಡಲಿಲ್ಲ. "ನಿಂದು ನಾ ತಿಂದೀನಿ, ನಂದು ನೀ ತಿನ್ನಬೇಕು" ಅಂತ ವಿಜಿ ಕಡೆಯಿಂದ ಹೇಳಿಸಿ ಮನಿಗೆ ಕರ್ಕೊಂಡು ಬಂದೆ. ಕುರಿ ಮಾಂಸ ತರಿಸಿ, ಅಲ್ಲಿ ಮೊಂಡ ಚಾಕುಲೆ ಕೊಚ್ಚಿ ಕೊಚ್ಚಿ ತೋಳು ನೋಯಿಸಿಕೊಂಡು, ಒಣ ಪುಂಡಿ ನೆನಿಸಿ ಹಾಕಿ, ಅವರ ಮೆತ್ತಗಿನ ಬ್ರೆಡ್ಡಿನಾಗ ಇಟ್ಟು ಕೊಟ್ಟೆ. ಖಾರ ಕಮ್ಮಿ ಮಾಡು ಅಂತ ವಿಜಿ ಹೇಳಿದ್ಲು. ನಾ ಮಾಡ್ಲಿಲ್ಲ. ಖಾರ ಕಮ್ಮಿ ಮಾಡಿದ್ರ ಅದು ನಾಗಮ್ಮನ ಪಾವು ಹೆಂಗ ಆಗತೈತಿ?

ಡೋರಿಸಮ್ಮ ಮೊದ್ಲು ಬ್ರೆಡ್ ಬಿಚ್ಚಿ ಖೀಮಾ ಹೆಬ್ಬಟ್ಟಿಲೆ ಒತ್ತಿ ನೋಡಿದ್ಲು. ಆಮ್ಯಾಲೆ ಕಚ್ಚಿದ್ಲು. ಮೂಗಿನಾಗ ನೀರು, ಕಣ್ಣಾಗ ನೀರು, ನಾಲಗಿ ಹೊರಗ. ನಾನು ನೀರಿನ ಲೋಟ ಹಿಡದು ನಿಂತೆ. ಆಕಿ ಕೈ ಅಡ್ಡ ಮಾಡಿ ಪೂರಾ ತಿಂದು ಮುಗಿಸಿ, ಬಾಯಿ ಒರಸ್ಕೊಂಡು ಕೇಳಿದ್ಲು: "ಇದನ್ನ ಯಾರು ಮಾಡಿದ್ದು?"

"ನಾನು."

"ನೀನಲ್ಲ. ಮೊದ್ಲು ಮಾಡಿದವ್ರು ಯಾರು? ಅವರ ಹೆಸರೇನು?"

"ನಾಗಮ್ಮ" ಅಂದೆ.

ಡೋರಿಸಮ್ಮ ಬಾಯಾಗ ಎರಡು ಸಲ ತಿರುವಿ ನೋಡಿದ್ಲು, ನಾ-ಗ-ಮ್ಮಾ ಅಂತ. ಅಷ್ಟ. ಅವತ್ತ ನಾನು ಮನಿಯವ್ರಿಗೆ ಫೋನ್ ಹಚ್ಚಿ, "ರೀ, ಹೂಂ ಅನ್ನಬ್ಯಾಡ್ರಿ, ನಾ ಬಂದು ಮಾತಾಡ್ತೀನಿ" ಅಂದೆ. ಅವರು ಉಸಿರು ಬಿಟ್ಟಿದ್ದು ಅಲ್ಲಿ ತನಕ ಕೇಳಿಸ್ತು.

ಅಬಿಡ್ಸ್

ಗುತ್ತೇದಾರ ಸಾಬ್ರ ಆಫೀಸು ಹೈದರಾಬಾದಿನ ಅಬಿಡ್ಸ್‌ನಾಗ, ಮ್ಯಾಲಿನ ಅಂತಸ್ತು. ವಾಪಸ್ ಬಂದ ಮ್ಯಾಲೆ ಒಂದಿನ ನಾನು ಮುಂಜಾನೆ ಖೀಮಾ ಮಾಡಿ, ಅತ್ತಿ ಕಡೆಯಿಂದ ಹೂಂ ಅನಿಸಿಕೊಂಡು, ಹಳದಿ ಕಾಗದದಾಗ ಸುತ್ತಿ ಡಬ್ಬಿ ತುಂಬಿಸ್ಕೊಂಡು ಹೋದೆ. ಆಟೋದಾಗಿಂದ ಇಳಿಯೋ ಮುಂದ ಮನಿಯವ್ರು ಒಂದ ಮಾತು ಅಂದ್ರು: "ಕಸ್ತೂರಿ, ಇದ್ದದ್ದೂ ಹೋದೀತು ನೋಡು."

ಸಾಬ್ರು ಕುರ್ಚಿ ಕೊಟ್ಟು, ಚಾ ತರಿಸಿ, ಮರ್ಯಾದಿಲೆ ಮಾತಾಡಿಸಿದ್ರು. ನಾ ನನ್ನ ಮಾತು ಹೇಳಿದೆ. ಅವರು ನಕ್ಕು, "ಅಮ್ಮಾ, ಮಂದಿ ತಿನ್ನಾಕ ಬರ್ತಾರ. ಕಾಗದದ ಮ್ಯಾಲಿನ ಹೆಸರು ಯಾರು ಓದ್ತಾರ?" ಅಂದ್ರು.

"ಮಂದಿ ಓದ್ಲಿಕ್ಕಿಲ್ರಿ. ನಾವು ಓದ್ತೀವಿ. ದಿನಾ ಮುಂಜಾನೆ ಕತ್ತಿ ಹಿಡಿಯೋ ಮುಂದ ನಾವು ಓದ್ತೀವಿ. ಆ ಹೆಸರು ತಗದ್ರ ನನ್ನ ಕೈ ಯಾವಾಗ ಸಡ್ಲ ಬೀಳತೈತಿ ನನಗ ಗೊತ್ತಾಗಂಗಿಲ್ಲ. ನಿಮಗ ನಾಗಮ್ಮನ ಪಾವು ಬೇಕೋ, ನನ್ನ ಸಡ್ಲ ಕೈ ಪಾವು ಬೇಕೋ, ನೀವ ಹೇಳ್ರಿ."

ಅಂದು ಡಬ್ಬಿ ಮುಚ್ಚಳ ತಗದೆ. ಪುಂಡಿ ಹುಳಿ, ಬಳ್ಳೊಳ್ಳಿ ವಾಸನಿ 'ಘಂ' ಅಂತ ಎದ್ದಿತು. ಪಕ್ಕದ ಖೋಲಿಯಿಂದ ಲೆಕ್ಕ ಬರಿಯೋ ಹುಡುಗಿ ಒಬ್ಬಾಕಿ ಬಾಗಲದಾಗ ತಲಿ ಹಾಕಿ, "ನಾಗಮ್ಮ ವಚ್ಚಿಂದಾ?" ಅಂತ ತೆಲುಗಿನಾಗ ಕೇಳಿದ್ಲು, ನಾಗಮ್ಮ ಬಂದಾಳೇನು ಅಂತ. ಆಕಿ ಹಿಂದ ಇನ್ನೊಬ್ಬಾವ, ಅವನ ಹಿಂದ ಚಾ ತಂದಾವ. ಯಾರೂ ಕಾಗದ ನೋಡಿದ್ದಿಲ್ಲ. ವಾಸನಿಲೆ ಹೆಸರು ಹಿಡದಿದ್ರು! ನಾ ಸಾಬ್ರ ಮಾರಿ ನೋಡಿದೆ. ಅವರು ಒಂದು ಪಾವು ತಗೊಂಡು ಬಿಚ್ಚಿದ್ರು.

ಪೂರಾ ಒಪ್ಪಲಿಲ್ರಿ, ಸುಳ್ಳು ಯಾಕ ಹೇಳ್ಲಿ. "ಒಂದು ಗ್ಯಾಲರಿ ಕೊಡ್ತೀನಿ, ಹಳದಿ ಕಾಗದದಾಗ ಮಾರ್ರಿ, ನೋಡೋಣು. ಉಳಿದ ಕಡೆ ನಮ್ಮ ಪಾಕೀಟಿನ ಮಾಲು" ಅಂದ್ರು. ಯಾವ ಗ್ಯಾಲರಿ ಬೇಕು ಅಂತ ಕೇಳಿದ್ರು. ನಾನೂ ಮನಿಯವ್ರೂ ಒಮ್ಮೆಲೆ ಅಂದ್ವಿ: "ಪೂರ್ವದ್ದು."

ಮೆಟ್ಟಿಲು ಇಳಿಯೋ ಮುಂದ ಮನಿಯವ್ರು, "ಎಲ್ಲಾ ಬಿಟ್ಟು ಒಂದು ಹಿಡಕೊಂಡು ಬಂದಿ" ಅಂದ್ರು. ಆದ್ರ ನಗಾಕತ್ತಿದ್ರು.

ಪೂರ್ವದ ಗ್ಯಾಲರಿ

ಮೊದ್ಲನೇ ಮ್ಯಾಚಿಗೆ ಅತ್ತಿಗೂ ಒಂದು ಟಿಕೀಟು ತಗದ್ವಿ. "ನನಗ್ಯಾಕ ಬೇಕು ಚೆಂಡಾಟ, ಗೇಟಿನ ಹತ್ರ ಕುಂದ್ರತೀನಿ" ಅಂತ ಹಟ ಹಿಡದಿದ್ಲು. "ಮಾವ ಕಾಂಕ್ರೀಟ್ ಹಾಕಿದ ಮೆಟ್ಟಿಲದಾಗ ಒಂದು ಸಲ ಕುಂದ್ರಬೇ" ಅಂತ ಹೇಳಿದ ಮ್ಯಾಲೆ ಹಟ ಬಿಟ್ಟು, ಮದವಿಗೆ ತಗದಿಟ್ಟ ಸೀರಿ ಉಟ್ಕೊಂಡು ಬಂದ್ಲು. ಮನಿಯವ್ರು ಆಕಿನ್ನ ತೋಳು ಹಿಡದು ಹತ್ತಿಸಿದ್ರು. ಕುಂದ್ರೋಕಿಂತ ಮೊದ್ಲು ಬಗ್ಗಿ ಮೆಟ್ಟಿಲು ಮುಟ್ಟಿ, ಕೈ ಕಣ್ಣಿಗೆ ಒತ್ತಿಕೊಂಡ್ಲು.

ಪೀಪಿ, ಡೋಲು, ಗದ್ದಲ. ಅಷ್ಟರಾಗ ನಮ್ಮ ಪಾವು ಮಾರೋವ ಪೆಟ್ಟಿಗಿ ಹೊತ್ಕೊಂಡು ಕೂಗ್ತಾ ಬಂದ: "ನಾಗಮ್ಮಾ... ನಾಗಮ್ಮಾ ಪಾವ್!" ಅತ್ತಿ ಬೆಚ್ಚಿ, "ಯಾರೋ ನನ್ನ ಕರ್ಯಾಕತ್ತಾರ ನೋಡು" ಅಂದ್ಲು. "ನಿನ್ನ ಅಲ್ಲಬೇ, ನಿನ್ನ ಹೆಸರು" ಅಂದೆ. ಆಕಿ ಸೆರಗು ಸರಿ ಮಾಡ್ಕೊಂಡು ನೆಟ್ಟಗ ಕುಂತ್ಲು.

ನಮ್ಮ ಮಂದಿ ಕುಂತಲ್ಲಿಂದ ಏಳಬೇಕಂದ್ರ ಹತ್ತು ಮಂದಿ ಕಾಲು ತುಳಿಬೇಕು. ಅದಕ್ಕ ನಾನ ಪಾವು ಮಾರೋವ್ನಿಗೆ ಓಹಿಯೋದ ಪದ್ಧತಿ ಹೇಳಿಕೊಟ್ಟಿದ್ದೆ: ಸಾಲಿನ ತುದಿಗೆ ನಿಂದ್ರು, ಕೈಯಿಂದ ಕೈಗೆ ದಾಟಿಸು. ಆ ತುದಿಯಾಗ ಕುಂತ ಕಾಲೇಜು ಹುಡುಗ ಒಬ್ಬಾವ ಪಾವು ಕೇಳಿದ. ಆ ದಿನ ಪೆಟ್ಟಿಗಿಯಿಂದ ಹೊರಗ ಬಂದ ಮೊದ್ಲನೇ ಪಾವು. ಹಳದಿ ಕಾಗದ ಒಬ್ಬರ ಕೈಯಿಂದ ಒಬ್ಬರ ಕೈಗೆ ದಾಟಿ ನನಗ ಬಂತು. ಈ ಸಲ ನಾ ಶಾಣ್ಯಾಕಿ. ನಕ್ಕೊಂತ ಅತ್ತಿ ಕೈಯಾಗ ಇಟ್ಟು, "ಮುಂದ ಕೊಡಬೇ" ಅಂದೆ.

ಅತ್ತಿ ಕೊಡ್ಲಿಲ್ಲ. ಮೊದ್ಲು ಕಾಗದ ತಿರುಗಿಸಿ ಹೆಸರು ಮ್ಯಾಲ ಐತೋ ಇಲ್ಲೋ ನೋಡಿದ್ಲು. ಆಮ್ಯಾಲೆ ಬಿಚ್ಚಿದ್ಲು. ಹೆಬ್ಬಟ್ಟಿಲೆ ಖೀಮಾ ಒತ್ತಿದ್ಲು, ಥೇಟ್ ಡೋರಿಸಮ್ಮನಂಗ. ನಾ ಬ್ಯಾಡ ಅನ್ನೋದರಾಗ ಒಂದು ತುತ್ತು ಕಚ್ಚೇಬಿಟ್ಲು.

ಆ ತುದಿಯಿಂದ ಹುಡುಗ ಎದ್ದು ನಿಂತು ಕೂಗಿದ: "ಅಮ್ಮಾ, ಅದಿ ನಾದಿ! ನಂದು ಅದು!"

ಇಡೀ ಸಾಲು ಅತ್ತಿ ಕಡೆ ನೋಡಿತು. ಅತ್ತಿ ಅವಸರ ಮಾಡ್ಲಿಲ್ಲ. ಎರಡು ಸಲ ಜಗದು, ನುಂಗಿ, "ಹೂಂ" ಅಂತ ತಲಿ ಅಲ್ಲಾಡಿಸಿ, ಕಾಗದ ಮತ್ತ ಸುತ್ತಿ, ಹೆಸರು ಮ್ಯಾಲ ಮಾಡಿ, ಬಾಜೂಕಿನವರ ಕೈಯಾಗ ಕೊಟ್ಲು.

"ಚಲೋ ಆಗೈತಿ, ತಿನ್ನಪಾ" ಅಂದ್ಲು. "ನನ್ನ ಹೆಸರಿಲೆ ಬಂದೈತಿ, ರುಚಿ ನೋಡಲಾರ್ದ ನಿನಗ ಹೆಂಗ ಕಳಸ್ಲಿ?"